ಪದಚ್ಯುತಿಯೂ ಜನರ ತೀರ್ಪೂ

ರಾಷ್ಟ್ರದ ಅಧ್ಯಕ್ಷನ ಮೇಲೆ ಶಾಸನಸಭೆಯೇ ದೋಷವನ್ನು ಆರೋಪಿಸಿ, ತಾನೇ ವಿಚಾರಣೆ ನಡೆಸಿ, ಪೀಠದಿಂದ ಇಳಿಸುವ ಕ್ರಮವೊಂದು ಉಂಟು. ನಮ್ಮ ಪತ್ರಿಕೆಗಳು ಇದನ್ನು ಮಹಾಭಿಯೋಗವೆಂದೂ ವಾಗ್ದಂಡನೆಯೆಂದೂ ಕರೆಯುತ್ತವೆ. ಎರಡನೆಯ ಮಾತು ನನಗೆ ಅಷ್ಟು ರುಚಿಸದು. ಬರಿಯ ಮಾತಿನ ದಂಡನೆಯಾಗಿದ್ದರೆ ಅದಕ್ಕೆ ಯಾರು ತಾನೆ ಹೆದರುತ್ತಿದ್ದರು? ನಮ್ಮ ಸಂವಿಧಾನದ 61ನೆಯ ವಿಧಿಯಲ್ಲಿ ರಾಷ್ಟ್ರಪತಿಗಳ ವಿಷಯದಲ್ಲಿ ಈ ಏರ್ಪಾಡಿದೆ. ಎರಡು ಸದನಗಳಲ್ಲಿಯೂ ಒಟ್ಟು ಸದಸ್ಯರ ಮೂರರಲ್ಲಿ ಎರಡು ಪಾಲು ಒಪ್ಪಬೇಕು. ಇದುವರೆಗೆ ಒಮ್ಮೆಯೂ ಅದು ಬಳಕೆಗೆ ಬಂದಿಲ್ಲ.

ಅಮೆರಿಕದಲ್ಲಿ ಮೂವರು ಅಧ್ಯಕ್ಷರ ಮೇಲೆ ನಾಲ್ಕು ಸಲ ಇದು ನಡೆದಿದೆ. ನಾಲ್ಕು ಸಲವೂ ಸೆನೆಟ್ ಸಭೆ ಅಪರಾಧಿಯೆನ್ನಲಿಲ್ಲ. ಮೊದಲನೆಯವರು ಆಂಡ್ರ್ಯೂ ಜಾನ್ಸನ್. ಲಿಂಕನ್ನರ ಕೊಲೆಯಾದ ಮೇಲೆ ಪೀಠಕ್ಕೆ ಬಂದ ಇವರಿಗೂ ಕಾಂಗ್ರೆಸ್ ಸಭೆಯ ರಿಪಬ್ಲಿಕನ್ ಪಕ್ಷದವರಿಗೂ ಎಣ್ಣೆ ಸೀಗೆಕಾಯಿಯ ಸಂಬಂಧ. ಯುದ್ಧಮಂತ್ರಿ ಸ್ಟ್ಯಾಂಟನ್ನರನ್ನು ಜಾನ್ಸನ್ನರು ತೆಗೆದುಹಾಕಿದ್ದೇ ನೆಪವಾಗಿ, 1868ರ ಫೆಬ್ರವರಿ 24ರಂದು ಕೆಳಮನೆಯಲ್ಲಿ 126ಕ್ಕೆ 47 ಓಟುಗಳಿಂದ ಆರೋಪ ಗೊತ್ತಾಯಿತು. ಸೆನೆಟ್ಟಿನ ವಿಚಾರಣೆ ನೋಡಲು ಜನ ಮುಗಿಬಿದ್ದುದರಿಂದ ಗ್ಯಾಲರಿಗೆ ಟಿಕೆಟ್ಟುಗಳನ್ನು ಅಚ್ಚುಹಾಕಿಸಬೇಕಾಯಿತು! ಕಡೆಗೆ 35 ಮಂದಿ ಅಪರಾಧಿಯೆಂದರು, 19 ಮಂದಿ ಅಲ್ಲವೆಂದರು. ಬೇಕಾಗಿದ್ದುದು 36. ಏಳು ಮಂದಿ ರಿಪಬ್ಲಿಕನ್ನರು ತಮ್ಮ ಪಕ್ಷದ ಮಾತನ್ನು ಮೀರಿ ನಿಂತದ್ದರಿಂದ ಜಾನ್ಸನ್ನರು ಒಂದೇ ಒಂದು ಓಟಿನಲ್ಲಿ ಉಳಿದರು. ಏಳು ವರ್ಷ ಕಳೆದು 1875ರಲ್ಲಿ ಟೆನೆಸ್ಸೀ ಸಂಸ್ಥಾನದವರು ಅವರನ್ನು ಅದೇ ಸೆನೆಟ್ಟಿಗೆ ಸದಸ್ಯರನ್ನಾಗಿ ಆರಿಸಿ ಕಳುಹಿಸಿದರು. 1998ರ ಡಿಸೆಂಬರಿನಲ್ಲಿ ಕ್ಲಿಂಟನ್ನರ ಮೇಲೆ ಆರೋಪವಾದಾಗಲಂತೂ ಜನ ಇನ್ನೂ ವಿಚಿತ್ರವಾಗಿ ನಡೆದುಕೊಂಡರು. ಆ ವಾರವೇ ಗ್ಯಾಲಪ್ ಸಂಸ್ಥೆ ಅಭಿಪ್ರಾಯ ಕೇಳಿದಾಗ ಅವರ ಆಡಳಿತವನ್ನು ಮೆಚ್ಚಿದವರು ನೂರಕ್ಕೆ 73 ಮಂದಿ. ಮೂರನೆಯವರಾದ ಟ್ರಂಪರನ್ನು 2019ರಲ್ಲೂ 2021ರಲ್ಲೂ ಕಟಕಟೆಗೆ ನಿಲ್ಲಿಸಿದರು. 2024ರಲ್ಲಿ ಜನ ಅವರನ್ನೇ ಮತ್ತೆ ಆರಿಸಿದರು.

ಒಂದು ಪಕ್ಷ ತನ್ನ ಸಂಖ್ಯಾಬಲದಿಂದ ಒಬ್ಬನನ್ನು ಇಳಿಸಹೊರಟರೆ ಜನ ಅವನ ಕಡೆಗೇ ವಾಲುತ್ತಾರೆಂದು ಇದರಿಂದ ನೀವು ಭಾವಿಸಬಹುದು. ಹಾಗೆಂದು ಸಿದ್ಧಾಂತ ಮಾಡುವ ಮೊದಲು ನಮ್ಮ ಮನೆಯ ಕಥೆಯನ್ನೇ ಸ್ವಲ್ಪ ನೋಡೋಣ.

ನಮ್ಮ ರಾಜ್ಯದಲ್ಲಿ ಮುಖ್ಯಮಂತ್ರಿಗೆ ಮಹಾಭಿಯೋಗವಿಲ್ಲ. ವಿಧಾನಸಭೆಯ ವಿಶ್ವಾಸವಿರುವವರೆಗೆ ಅವರ ಅಧಿಕಾರ. ಅದು ಹೋದ ದಿನ ಅಧಿಕಾರವೂ ಹೋಯಿತು. 1947ರಲ್ಲಿ ಮೈಸೂರು ಚಲೋ ಚಳವಳಿಯ ಫಲವಾಗಿ ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರ ಬಂದು, ನಮ್ಮ ಕೋಲಾರ ಜಿಲ್ಲೆಯ ಕ್ಯಾಸಂಬಳ್ಳಿಯ ಕೆ. ಚೆಂಗಲರಾಯ ರೆಡ್ಡಿಯವರು ಮೊದಲ ಮುಖ್ಯಮಂತ್ರಿಗಳಾದರಲ್ಲವೆ? ಆಗ ಜನ ಜೈಲಿಗೆ ಹೋಗಿ ಪಡೆದದ್ದು ಇದನ್ನೇ: ಸರ್ಕಾರವನ್ನು ಇಡುವುದೂ ತೆಗೆಯುವುದೂ ಅರಮನೆಯ ಕೈಯಲ್ಲಿಲ್ಲದೆ ಜನರ ಸಭೆಯ ಕೈಯಲ್ಲಿರಬೇಕು. 1989ರ ಏಪ್ರಿಲ್ ತಿಂಗಳಲ್ಲಿ ಪ್ರಶ್ನೆಗೆ ಬಂದದ್ದು ಈ ಮಾತೇ.

ಆಗ ಜನತಾದಳದ ಎಸ್. ಆರ್. ಬೊಮ್ಮಾಯಿಯವರು ಮುಖ್ಯಮಂತ್ರಿಗಳು, ರಾಮಕೃಷ್ಣ ಹೆಗಡೆಯವರು ಟೆಲಿಫೋನ್ ಕದ್ದಾಲಿಕೆಯ ಗಲಾಟೆಯಲ್ಲಿ ರಾಜೀನಾಮೆ ಕೊಟ್ಟ ಮೇಲೆ 1988ರ ಆಗಸ್ಟಿನಲ್ಲಿ ಬಂದವರು. ದೆಹಲಿಯಲ್ಲಿ ರಾಜೀವ್ ಗಾಂಧಿಯವರ ಕಾಂಗ್ರೆಸ್ ಸರ್ಕಾರ. ಏಪ್ರಿಲ್ 15ರಂದು ಬೊಮ್ಮಾಯಿಯವರು ಹದಿಮೂರು ಜನರನ್ನು ಹೊಸದಾಗಿ ಮಂತ್ರಿಮಂಡಲಕ್ಕೆ ಸೇರಿಸಿಕೊಂಡರು. ಹದಿಮೂರು ಜನಕ್ಕೆ ಸಂತೋಷವಾಯಿತು, ಉಳಿದವರಿಗೆ ಏನಾಯಿತೆಂಬುದನ್ನು ನೀವೇ ಊಹಿಸಬಲ್ಲಿರಿ. ಎರಡು ದಿನಗಳಲ್ಲಿ ಪಕ್ಷ ಬಿಟ್ಟ ಶಾಸಕರೊಬ್ಬರು ಹತ್ತೊಂಬತ್ತು ಕಾಗದಗಳನ್ನು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರ ಮುಂದಿಟ್ಟರು. ಸರ್ಕಾರಕ್ಕೆ ನಮ್ಮ ಬೆಂಬಲವಿಲ್ಲ ಎಂಬುದು ಒಕ್ಕಣೆ. 19ರಂದು ರಾಜ್ಯಪಾಲರು ರಾಷ್ಟ್ರಪತಿಗಳಿಗೆ ವರದಿ ಕಳುಹಿಸಿದರು. ಮರುದಿನವೇ ಆ ಹತ್ತೊಂಬತ್ತರಲ್ಲಿ ಏಳು ಮಂದಿ, ನಮ್ಮಿಂದ ತಪ್ಪು ತಿಳಿವಳಿಕೆ ಕೊಟ್ಟು ಸಹಿ ಪಡೆದಿದ್ದಾರೆ, ನಮ್ಮ ಬೆಂಬಲ ಸರ್ಕಾರಕ್ಕೇ ಇದೆ ಎಂದು ಬರೆದರು. ಬೊಮ್ಮಾಯಿಯವರು 27ಕ್ಕೆ ಸಭೆ ಕರೆಯುತ್ತೇವೆ, ಬೇಕಾದರೆ ಇನ್ನೂ ಮುಂಚೆಯೇ ಕರೆಯುತ್ತೇವೆ, ಅಲ್ಲಿ ತಲೆ ಎಣಿಸಿ ಎಂದರು. ರಾಜ್ಯಪಾಲರು ಒಪ್ಪಲಿಲ್ಲ, ಕುದುರೆ ವ್ಯಾಪಾರ ನಡೆದಿದೆಯೆಂದು ಇನ್ನೊಂದು ವರದಿ ಬರೆದರು. 21ರಂದು ಸರ್ಕಾರ ವಜಾ ಆಯಿತು, ವಿಧಾನಸಭೆಯೂ ವಿಸರ್ಜನೆಯಾಯಿತು.

ಕ್ಯಾಲನೂರಿನಂಥ ಊರಿನ ಅರಳಿಕಟ್ಟೆಯಲ್ಲಿ, ಊರ ಯಜಮಾನನ ಮಾತಿಗೆ ಬೆಲೆಯಿಲ್ಲವಾಗಿದೆಯೆಂದು ಯಾರಾದರೂ ಹೇಳಿದರೆ, ಊರವರನ್ನು ಕೂಡಿಸಿ ಕೇಳಿದಿರೇನಪ್ಪ ಎಂದೇ ಹಿರಿಯರು ಮೊದಲು ವಿಚಾರಿಸುವುದು. ಮನೆಮನೆಯಿಂದ ಚೀಟಿ ತಂದೆವೆಂದರೆ ನಗುತ್ತಾರೆ. 1989ರಲ್ಲಿ ಇಷ್ಟು ಸಾಮಾನ್ಯ ವಿಷಯ ದೊಡ್ಡವರ ಗಮನಕ್ಕೆ ಬರಲಿಲ್ಲವೆಂಬುದೇ ಆಶ್ಚರ್ಯ.

ಹಾಗಾದರೆ ಜನ ಏನು ಮಾಡಿದರು? ನವೆಂಬರಿನಲ್ಲಿ ಚುನಾವಣೆ ಬಂತು. ಅಮೆರಿಕದ ಲೆಕ್ಕವನ್ನೇ ಹಿಡಿದಿದ್ದರೆ ಬೊಮ್ಮಾಯಿಯವರ ಪಕ್ಷಕ್ಕೆ ಅನುಕಂಪದ ಹೊಳೆಯೇ ಹರಿಯಬೇಕಾಗಿತ್ತು. ಆದದ್ದು ಬೇರೆ. 224 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 178, ಜನತಾದಳಕ್ಕೆ 24. ಅದೇ ತಿಂಗಳು ದೇಶದಲ್ಲಿ ಕಾಂಗ್ರೆಸ್ ಅಧಿಕಾರ ಕಳೆದುಕೊಂಡರೂ ಲೋಕಸಭೆಗೆ ಕರ್ನಾಟಕ 28ರಲ್ಲಿ 27 ಸ್ಥಾನಗಳನ್ನು ಅದಕ್ಕೇ ಕೊಟ್ಟಿತು. ವಜಾ ಮಾಡಿದ್ದು ಸರಿಯೆಂದು ಜನರೇ ಮೊಹರು ಒತ್ತಿದರಲ್ಲ ಎಂದು ಆಗ ಹೇಳಿದವರಿಗೆ ಉತ್ತರ ಕೊಡುವುದು ಕಷ್ಟವಾಗಿದ್ದಿರಬೇಕು. ಆದರೆ ನನ್ನ ಮಟ್ಟಿಗೆ ಆ ವಾದ ಸಲ್ಲದು. ಓಟು ಹಾಕುವವನು ಬೆಲೆ, ಬೆಳೆ, ಜಗಳ, ಜಾತಿ, ಅಭ್ಯರ್ಥಿಯ ಮುಖ ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕುತ್ತಾನೆ. ಒಳಜಗಳದಿಂದ ಬೇಸತ್ತ ಜನ ಜನತಾದಳವನ್ನು ಸೋಲಿಸಿದರು. ರಾಜಭವನದಲ್ಲಿ ಕಾಗದ ಎಣಿಸಿದ್ದು ಸರಿಯೇ ಎಂಬ ಪ್ರಶ್ನೆಯನ್ನು ಅವರ ಮುಂದೆ ಪ್ರತ್ಯೇಕವಾಗಿ ಯಾರೂ ಇಟ್ಟಿರಲಿಲ್ಲ.

ಗೆದ್ದ ಪಕ್ಷಕ್ಕಾದರೂ ಪಾಠವಾಯಿತೆ? ವೀರೇಂದ್ರ ಪಾಟೀಲರು ಮುಖ್ಯಮಂತ್ರಿಗಳಾದರು. 1990ರ ಅಕ್ಟೋಬರಿನಲ್ಲಿ ಅವರು ಕಾಯಿಲೆ ಮಲಗಿದ್ದಾಗ, ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ರಾಜೀವ್ ಗಾಂಧಿಯವರು ನಾಯಕರನ್ನು ಬದಲಾಯಿಸುವ ಮಾತನ್ನು ಆಡಿಬಿಟ್ಟರು. ಈ ಸಲ ಜನ ಮರೆಯಲಿಲ್ಲ. 1994ರ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ ಬಂದದ್ದು 34; ಜನತಾದಳಕ್ಕೆ 115. ಒಬ್ಬನೇ ಮತದಾರ, ಐದು ವರ್ಷ, ಎರಡು ಬಗೆ!

ಇತ್ತ ಬೊಮ್ಮಾಯಿಯವರು ಸುಮ್ಮನೆ ಕೂತಿರಲಿಲ್ಲ. ಹೈಕೋರ್ಟಿನಲ್ಲಿ ಸೋತು ಸುಪ್ರೀಂ ಕೋರ್ಟಿಗೆ ಹೋದರು. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಾಧೀಶರ ಪೀಠ ತೀರ್ಪು ಕೊಟ್ಟಿತು: ಕರ್ನಾಟಕದ ವಜಾ ಸಂವಿಧಾನಬಾಹಿರ, ಸರ್ಕಾರಕ್ಕೆ ಬಹುಮತವಿದೆಯೇ ಇಲ್ಲವೇ ಎಂಬುದನ್ನು ಪರೀಕ್ಷಿಸುವ ಸ್ಥಳ ವಿಧಾನಸಭೆಯೇ ಹೊರತು ರಾಜ್ಯಪಾಲರ ಸ್ವಂತ ಅಭಿಪ್ರಾಯವಲ್ಲ. ಹೋದ ಸರ್ಕಾರವನ್ನು ಮರಳಿ ಕೂರಿಸುವಂತಿರಲಿಲ್ಲ. ನಡುವೆ ಚುನಾವಣೆಯೇ ಆಗಿಹೋಗಿತ್ತು. ಆದರೂ ಅಲ್ಲಿಂದೀಚೆಗೆ ದೇಶದ ಯಾವ ಮೂಲೆಯಲ್ಲಿ ಸರ್ಕಾರ ಅಲುಗಾಡಿದರೂ ವಕೀಲರ ಬಾಯಲ್ಲಿ ಬರುವ ಮೊದಲ ಹೆಸರು ಬೊಮ್ಮಾಯಿಯವರದು. ಇದ್ದದ್ದು ಎಂಟು ತಿಂಗಳ ಅಧಿಕಾರ; ಕಳೆದುಕೊಂಡದ್ದರಿಂದಲೇ ಹೆಸರು ಉಳಿಯಿತು.

ಆ ತೀರ್ಪು ಹೇಗೆ ನಡೆಯುತ್ತದೆಂಬುದನ್ನು 2019ರ ಜುಲೈನಲ್ಲಿ ನೀವು ಮನೆಯಲ್ಲೇ ಕೂತು ಕಂಡಿರಿ. ಕುಮಾರಸ್ವಾಮಿಯವರ ಸರ್ಕಾರದ ಬೆನ್ನಿಂದ ಶಾಸಕರು ಒಬ್ಬೊಬ್ಬರಾಗಿ ಜಾರಿದರು. ಸಭಾಧ್ಯಕ್ಷರ ಪೀಠದಲ್ಲಿದ್ದವರು ನಮ್ಮ ಶ್ರೀನಿವಾಸಪುರದ ಪ್ರತಿನಿಧಿ ರಮೇಶ್ ಕುಮಾರ್ ಅವರು. ರಾಜ್ಯಪಾಲರು ಎರಡು ಸಲ ಗಡುವು ಕೊಟ್ಟು ಬರೆದರು. ಸಭೆ ತನ್ನ ಪಾಡಿಗೆ ಮಾತಾಡುತ್ತಲೇ ಹೋಯಿತು. ಮಾತು ಬೇಸರ ಬರುವಷ್ಟು ಉದ್ದವಾಯಿತೆಂಬುದು ನಿಜ. ಆದರೆ 23ರ ಸಂಜೆ ತಲೆ ಎಣಿಸಿದ್ದು ವಿಧಾನಸೌಧದಲ್ಲೇ: ಪರವಾಗಿ 99, ವಿರೋಧವಾಗಿ 105. ಸರ್ಕಾರ ಬಿತ್ತು. ಪಕ್ಷ ಬಿಟ್ಟ ಹದಿನೇಳು ಮಂದಿಯನ್ನು ಸಭಾಧ್ಯಕ್ಷರು ಅನರ್ಹಗೊಳಿಸಿದರು. ಡಿಸೆಂಬರಿನಲ್ಲಿ ಹದಿನೈದು ಕ್ಷೇತ್ರಗಳಿಗೆ ಉಪಚುನಾವಣೆ ನಡೆದಾಗ, ಅವರಲ್ಲಿ ಬಹುಮಂದಿ ಸೇರಿಕೊಂಡಿದ್ದ ಭಾರತೀಯ ಜನತಾ ಪಕ್ಷಕ್ಕೆ ಮತದಾರರು ಹನ್ನೆರಡನ್ನು ಕೊಟ್ಟರು.