ರಾಕ್ ಕ್ರಾಲರ್

ರಾಕ್ ಕ್ರಾಲರ್ ಎಂದರೆ ಬಂಡೆಗಳ ಮೇಲೆ ಮನುಷ್ಯನ ನಡಿಗೆಗಿಂತಲೂ ನಿಧಾನವಾಗಿ ತೆವಳಿ ಸಾಗುವಂತೆ ರೂಪಿಸಿದ, ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ತಲುಪುವ ವಾಹನ. ಕನ್ನಡದಲ್ಲಿ ಇದನ್ನು ಬಂಡೆಯೇರು ವಾಹನ ಎನ್ನಬಹುದು. ಹಳೆಯ ಜೀಪು ಅಥವಾ ಪಿಕಪ್ ಟ್ರಕ್ಕನ್ನು ಬಿಚ್ಚಿ, ಅದರ ಚಾಸಿಯ ಮೇಲೆ ಇಂಥ ವಾಹನವನ್ನು ಕಟ್ಟುವುದು ರೂಢಿ. ಇದರಲ್ಲಿ ವೇಗಕ್ಕೆ ಬೆಲೆಯಿಲ್ಲ. ಚಕ್ರ ಜಾರದಂತೆ, ವಾಹನ ಮಗುಚದಂತೆ ಅಡಚಣೆಯನ್ನು ದಾಟುವುದೇ ಚಾಲಕನ ಜಾಣ್ಮೆ.

ಹಿನ್ನೆಲೆ

ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕದಲ್ಲಿ ಸೈನ್ಯದ ಜೀಪುಗಳು ನಾಗರಿಕರ ಕೈಸೇರಿದವು. ಕ್ಯಾಲಿಫೋರ್ನಿಯಾದ ರುಬಿಕಾನ್ ಹಾದಿಯಲ್ಲಿ 1953ರಲ್ಲಿ ‘ಜೀಪರ್ಸ್ ಜಾಂಬೊರಿ’ ಎಂಬ ಸಾಮೂಹಿಕ ಪ್ರಯಾಣ ಆರಂಭವಾಯಿತು. ಅದೇ ರಾಜ್ಯದ ಜಾನ್ಸನ್ ಕಣಿವೆಯಲ್ಲಿ 2007ರಿಂದ ನಡೆಯುತ್ತಿರುವ ‘ಕಿಂಗ್ ಆಫ್ ದ ಹ್ಯಾಮರ್ಸ್’ ಸ್ಪರ್ಧೆ ಬಂಡೆ ಏರುವುದನ್ನೂ ಮರುಭೂಮಿಯ ಓಟವನ್ನೂ ಒಂದುಗೂಡಿಸಿದೆ.

ಕರ್ನಾಟಕದಲ್ಲಿ ದುರ್ಗಮ ದಾರಿಯ ವಾಹನಗಳು ಮೊದಲು ಬೆಳೆದದ್ದು ಮೋಜಿಗಾಗಿ ಅಲ್ಲ, ದುಡಿಮೆಗಾಗಿ. ಕೊಡಗು ಮತ್ತು ಮಲೆನಾಡಿನ ಕಾಫಿ ತೋಟಗಳಲ್ಲಿ ಹಳೆಯ ಜೀಪುಗಳು ಇಂದಿಗೂ ಕೆಲಸದಲ್ಲಿವೆ. ಮಡಿಕೇರಿಯ ಬಳಿಯ ಮಾಂದಲಪಟ್ಟಿಗೆ ಪ್ರವಾಸಿಗರನ್ನು ಹೊತ್ತೊಯ್ಯುವುವೂ ಇವೇ. ಮಲೇಷ್ಯಾ ಮೂಲದ ‘ರೇನ್‌ಫಾರೆಸ್ಟ್ ಚಾಲೆಂಜ್’ ಸ್ಪರ್ಧೆ 2014ರಲ್ಲಿ ಗೋವಾಕ್ಕೆ ಬಂದ ಮೇಲೆ ಮಾರ್ಪಡಿಸಿದ ಜೀಪು ಮತ್ತು ಜಿಪ್ಸಿಗಳು ಹೆಚ್ಚು ಗಮನ ಸೆಳೆದವು. ಆ ಸ್ಪರ್ಧೆಯಲ್ಲಿ ಕೆಸರು, ಹೊಳೆ ಮತ್ತು ಕಾಡುದಾರಿಗಳೇ ಪ್ರಧಾನ.

ಗೇರಿನ ಲೆಕ್ಕ

ದೊಡ್ಡ ಎಂಜಿನ್ ಹಾಕಿದರೆ ಬಂಡೆ ಏರಬಹುದು ಎಂಬ ಭಾವನೆ ಸಾಮಾನ್ಯವಾಗಿದೆ, ಅದು ಸರಿಯಲ್ಲ. ಮುಖ್ಯವಾದುದು ಗೇರುಗಳ ಒಟ್ಟು ಅನುಪಾತ. ಗೇರ್‌ಬಾಕ್ಸಿನ ಮೊದಲ ಗೇರು, ಟ್ರಾನ್ಸ್‌ಫರ್ ಕೇಸಿನ ಲೋ ಗೇರು, ಆಕ್ಸಲ್ಲಿನ ಗೇರು ಈ ಮೂರರ ಅನುಪಾತಗಳನ್ನು ಗುಣಿಸಿದರೆ ಅದು ದೊರೆಯುತ್ತದೆ. ಇವು ಕ್ರಮವಾಗಿ 4, 2.5 ಮತ್ತು 4 ಎಂದಿಟ್ಟುಕೊಂಡರೆ ಗುಣಲಬ್ಧ 40. ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುವಾಗ ಚಕ್ರ ತಿರುಗುವುದು 20 ಸುತ್ತು ಮಾತ್ರ. ಟಯರಿನ ವ್ಯಾಸ 80 ಸೆಂ.ಮೀ. ಆಗಿದ್ದರೆ ವಾಹನದ ವೇಗ ಗಂಟೆಗೆ ಸುಮಾರು 3 ಕಿ.ಮೀ. ವೇಗ ಕುಗ್ಗಿದಷ್ಟೂ ಚಕ್ರದ ತಿರುಗುಬಲ ಹೆಚ್ಚುತ್ತದೆ.

ಹೊಸಬರು ಮೊದಲು ಕೊಳ್ಳುವುದು ದೊಡ್ಡ ಟಯರು. ವ್ಯಾಸವನ್ನು 1 ಮೀಟರಿಗೆ ಏರಿಸಿದರೆ ಮೇಲಿನ 40ರ ಅನುಪಾತ 32ರಷ್ಟೇ ಪರಿಣಾಮ ಕೊಡುತ್ತದೆ. ಆದುದರಿಂದ ಟಯರು ಬದಲಿಸುವವರು ಆಕ್ಸಲ್ಲಿನ ಗೇರನ್ನೂ ಬದಲಿಸಬೇಕಾಗುತ್ತದೆ. ಗೇರಿಗೆ ಹಣ ಉಳಿಯದಿದ್ದರೆ ಸಣ್ಣ ಟಯರೇ ಲೇಸು.

ಪಿಕಪ್ಪಿನ ಮಾರ್ಪಾಡು

ಬಾಗಲಕೋಟೆಯ ಕಡೆ ಈರುಳ್ಳಿ, ಮೆಣಸಿನಕಾಯಿ ಹೇರಿಕೊಂಡು ಸಂತೆಗೆ ಓಡುವ ಪಿಕಪ್ಪುಗಳಲ್ಲಿ ಬಹುಪಾಲು ಹಿಂಚಕ್ರ ಚಾಲನೆಯವು. ಅವುಗಳಿಗೆ ಟ್ರಾನ್ಸ್‌ಫರ್ ಕೇಸು ಮತ್ತು ಬಲ ಪಡೆಯುವ ಮುಂದಿನ ಆಕ್ಸಲ್ಲನ್ನು ಸೇರಿಸುವುದೇ ಮೊದಲ ಹಾಗೂ ದುಬಾರಿ ಕೆಲಸ. ಹಳೆಯ ಜೀಪುಗಳ ಬಿಡಿಭಾಗಗಳು ಇದಕ್ಕೆ ಒದಗುತ್ತವೆ.

ಭಾರ ಹೊರಲೆಂದೇ ಮಾಡಿದ ವಾಹನವಾದ್ದರಿಂದ ಅದರ ಲೀಫ್ ಸ್ಪ್ರಿಂಗುಗಳು ಬಿರುಸಾಗಿರುತ್ತವೆ. ಖಾಲಿ ಗಾಡಿಯಲ್ಲಿ ಅವು ಬಾಗುವುದೇ ಇಲ್ಲ. ಒಂದು ಚಕ್ರ ಬಂಡೆ ಹತ್ತಿದರೆ ಇನ್ನೊಂದು ಗಾಳಿಯಲ್ಲಿ ತೂಗಾಡುತ್ತದೆ. ಪಟ್ಟಿಗಳನ್ನು ಕಡಿಮೆ ಮಾಡಿ, ಅಥವಾ ಕಾಯಿಲ್ ಸ್ಪ್ರಿಂಗ್ ಅಳವಡಿಸಿ ಆಕ್ಸಲ್ ಮೇಲೆ ಕೆಳಗೆ ಧಾರಾಳವಾಗಿ ಆಡುವಂತೆ ಮಾಡುತ್ತಾರೆ. ಹಿಂಚಕ್ರದ ಆಚೆಗೆ ಚಾಚಿಕೊಂಡ ತೊಟ್ಟಿಯ ಭಾಗ ಬಂಡೆ ಇಳಿಯುವಾಗ ನೆಲಕ್ಕೆ ತಾಗುವುದರಿಂದ ಅದನ್ನು ಕತ್ತರಿಸುವುದುಂಟು. ವಾಹನವನ್ನು ಅತಿಯಾಗಿ ಎತ್ತರಿಸುವುದು ಅಪಾಯಕರ. ಗುರುತ್ವ ಕೇಂದ್ರ ಮೇಲೇರಿ, ಪಕ್ಕದ ಇಳಿಜಾರಿನಲ್ಲಿ ಮಗುಚುವ ಸಂಭವ ಹೆಚ್ಚುತ್ತದೆ.

ಸಾಮಾನ್ಯ ಡಿಫರೆನ್ಷಿಯಲ್ ಎಡಬಲ ಚಕ್ರಗಳಿಗೆ ಸಮನಾದ ತಿರುಗುಬಲ ಕೊಡುತ್ತದೆ. ಒಂದು ಚಕ್ರ ಗಾಳಿಯಲ್ಲಿದ್ದರೆ ಅದನ್ನು ತಿರುಗಿಸಲು ಬೇಕಾದ ಬಲ ಅತ್ಯಲ್ಪ. ನೆಲ ಹಿಡಿದ ಚಕ್ರಕ್ಕೆ ಸಿಗುವುದೂ ಅಷ್ಟೇ. ಗಾಡಿ ನಿಂತಲ್ಲೇ ನಿಲ್ಲುತ್ತದೆ. ಎರಡು ಚಕ್ರಗಳನ್ನೂ ಒಂದಾಗಿ ಬಿಗಿಯುವ ಲಾಕರ್ ಇದಕ್ಕೆ ಪರಿಹಾರ. ಎರೆಹೊಲದಲ್ಲಿ ಟ್ರಾಕ್ಟರ್ ಹೂತಾಗ ರೈತರು ತುಳಿಯುವ ಡಿಫರೆನ್ಷಿಯಲ್ ಲಾಕ್ ಪೆಡಲಿನ ತತ್ತ್ವವೂ ಇದೇ ಆಗಿದೆ.

ಇವಲ್ಲದೆ ಉಕ್ಕಿನ ಕೊಳವೆಗಳ ರಕ್ಷಣಾ ಪಂಜರ, ಭುಜದ ಮೇಲೆ ಹಾಯುವ ಸೀಟು ಬೆಲ್ಟು, ಎಂಜಿನ್ ಮತ್ತು ಗೇರ್‌ಬಾಕ್ಸಿನ ಅಡಿಗೆ ದಪ್ಪ ಉಕ್ಕಿನ ತಗಡು, ವಿಂಚು ಅಗತ್ಯ. ಟಯರಿನ ಗಾಳಿಯನ್ನು ಇಳಿಸಿದರೆ ರಬ್ಬರು ಕಲ್ಲಿನ ಮೇಲೆ ಹರಡಿ ಹಿಡಿತ ಕೊಡುತ್ತದೆ. ತೀರ ಇಳಿಸಿದರೆ ರಿಮ್ಮಿನಿಂದ ಕಳಚಿಕೊಳ್ಳುತ್ತದೆ.

ಕಾನೂನಿನ ಸ್ಥಿತಿ

ಮೋಟಾರು ವಾಹನ ಕಾಯ್ದೆ, 1988ರ 52ನೆಯ ವಿಧಿಯ ಪ್ರಕಾರ ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನಮೂದಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕರಿಗೆ 6 ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಎಂಜಿನ್ ಬದಲಾವಣೆ, ಅಂಗವಿಕಲರಿಗಾಗಿ ಮಾಡುವ ಹೊಂದಾಣಿಕೆ ಮುಂತಾದವಕ್ಕೆ ಅನುಮತಿಯ ದಾರಿ ಇದೆ. ಮೇಲೆ ವಿವರಿಸಿದಷ್ಟು ಬದಲಾದ ಪಿಕಪ್ಪಿಗೆ ರಸ್ತೆಯ ಅರ್ಹತಾ ಪತ್ರ ಸಿಗುವುದನ್ನು ನಿರೀಕ್ಷಿಸಬಾರದು. ಗ್ಯಾರೇಜಿನಲ್ಲಿ ‘ಎಲ್ಲ ನಡೆಯುತ್ತದೆ’ ಎಂಬ ಭರವಸೆ ದೊರೆಯಬಹುದು. ಅಪಘಾತವಾದಾಗ ವಿಮಾ ಕಂಪನಿ ನೋಡುವುದು ನೋಂದಣಿ ಪತ್ರವನ್ನು.

ಬಾದಾಮಿ–ಇಳಕಲ್ ಪರಿಸರ

ಬಾಗಲಕೋಟೆ ಜಿಲ್ಲೆಯಲ್ಲಿ ಎರಡು ಬಗೆಯ ಬಂಡೆಗಳು ಎದ್ದುಕಾಣುತ್ತವೆ. ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳದು ಕೆಂಪು ಮರಳುಗಲ್ಲು. ಇಳಕಲ್ ಸುತ್ತಿನದು ನಸುಗೆಂಪು ಗ್ರಾನೈಟ್. ಮರಳುಗಲ್ಲಿನ ಒರಟು ಮೈ ಟಯರಿಗೆ ಒಳ್ಳೆಯ ಹಿಡಿತ ಕೊಡುತ್ತದೆ, ಉರುಟಾದ ಗ್ರಾನೈಟ್ ಮಳೆಯಲ್ಲಿ ಜಾರುತ್ತದೆ. ಹಾಗೆಂದು ಬಾದಾಮಿಯ ಗುಡ್ಡಗಳನ್ನು ಕ್ರೀಡಾಂಗಣವೆಂದು ಭಾವಿಸಲಾಗದು. ಅಲ್ಲಿನ ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ ಶಾಸನವಿದೆ, ಪಟ್ಟದಕಲ್ಲು 1987ರಿಂದ ವಿಶ್ವ ಪರಂಪರೆಯ ತಾಣ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದವರಿಗೆ 2 ವರ್ಷದವರೆಗೆ ಸೆರೆವಾಸ, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಸ್ಮಾರಕಗಳ ಬೇಲಿಯ ಹೊರಗಿನ ಗುಡ್ಡಗಳೂ ಬರಿಗಲ್ಲಲ್ಲ: ಬಾದಾಮಿಯ ಬಳಿಯ ಸಿಡಿಲಪಡಿಯಲ್ಲಿ ಪ್ರಾಗೈತಿಹಾಸಿಕ ಚಿತ್ರಗಳಿವೆ, ಪಟ್ಟದಕಲ್ಲಿನ ಸಮೀಪ ಚಾಲುಕ್ಯರ ಕಾಲದ ಕಲ್ಲುಗಣಿಗಳಿವೆ. ತಿರುಗುವ ಚಕ್ರವೊಂದು ಅಳಿಸಿದ ಗುರುತನ್ನು ಮತ್ತೆ ಮೂಡಿಸುವ ವಿಧಾನ ಯಾವುದೂ ಇಲ್ಲ. ಮೀಸಲು ಅರಣ್ಯಗಳಿಗೂ, ಜಿಲ್ಲೆಯ ಯಡಹಳ್ಳಿ ಚಿಂಕಾರ ವನ್ಯಧಾಮಕ್ಕೂ ಅನುಮತಿಯಿಲ್ಲದ ಪ್ರವೇಶ ಅಪರಾಧ.

ಹುನಗುಂದ–ಇಳಕಲ್ ಭಾಗದ ಕೆಲಸ ನಿಂತ ಗ್ರಾನೈಟ್ ಗಣಿಗಳು ಮೇಲುನೋಟಕ್ಕೆ ತಕ್ಕ ಸ್ಥಳಗಳಂತೆ ಕಂಡರೂ, ನೀರು ತುಂಬಿದ ಆಳವಾದ ಗುಂಡಿಗಳೂ ಸಡಿಲ ಕಲ್ಲುಗಳೂ ಗಣಿಗಳಲ್ಲಿ ಸಹಜ. ಭೂಮಾಲೀಕ ಅಥವಾ ಗಣಿ ಗುತ್ತಿಗೆದಾರರ ಲಿಖಿತ ಒಪ್ಪಿಗೆಯಿಲ್ಲದೆ ಅಲ್ಲಿಗೆ ಇಳಿಯಬಾರದು. ಬಂಡೆಯೇರು ವಾಹನವನ್ನು ಅಲ್ಲಿಯವರೆಗೆ ರಸ್ತೆಯಲ್ಲಿ ಓಡಿಸದೆ, ಲಾರಿಯ ಮೇಲೆ ಹೇರಿ ಸಾಗಿಸಬೇಕು.