ಸಣ್ಣ ವಿಮಾನಗಳಲ್ಲಿ ಲ್ಯಾಂಡಿಂಗ್ ಗೇರ್ ವೈಫಲ್ಯ

ವಿಮಾನ ನೆಲದ ಮೇಲೆ ಓಡುವಾಗ ಮತ್ತು ಇಳಿಯುವಾಗ ಅದರ ಭಾರ ಹೊರುವ ಗಾಲಿ, ಕಾಲು, ಅವನ್ನು ಮಡಚಿ ಬಿಡಿಸುವ ಯಂತ್ರಾಂಗ ಎಲ್ಲಕ್ಕೂ ಸೇರಿ ಲ್ಯಾಂಡಿಂಗ್ ಗೇರ್ ಎಂದು ಹೆಸರು. ಅದರ 'ವೈಫಲ್ಯ' ಎಂಬ ಒಂದೇ ತಲೆಬರಹದಡಿ ಆಕರಗಳು ಮೂರು ಬೇರೆ ಬೇರೆ ಸಂಗತಿಗಳನ್ನು ಸೇರಿಸಿಬಿಟ್ಟಿವೆ. ಭಾಗವೊಂದು ಕೆಟ್ಟು ಗೇರ್ ಹೊರಬಾರದಿರುವುದು ಅಥವಾ ಕುಸಿಯುವುದು ಒಂದು. ಪೈಲಟ್ ಗೇರ್ ಇಳಿಸಲು ಮರೆತು ವಿಮಾನವನ್ನು ಹೊಟ್ಟೆಯ ಮೇಲೆ ಇಳಿಸುವುದು ಇನ್ನೊಂದು. ಸರಿಯಾಗಿ ಇಳಿದು ಓಡುತ್ತಿರುವಾಗ ಕೈತಪ್ಪಿ ಗೇರ್ ಮಡಚಿಬಿಡುವುದು ಮೂರನೆಯದು. ರನ್‌ವೇ ಮೇಲೆ ಕಾಣುವುದು ಮೂರರಲ್ಲೂ ಹೆಚ್ಚುಕಡಿಮೆ ಒಂದೇ: ಬಾಗಿದ ಪ್ರೊಪೆಲ್ಲರ್ ಅಲಗು, ಉಜ್ಜಿಹೋದ ತಗಡು. ಈ ಮೂರನ್ನೂ ಬಿಡಿಸಿ ನೋಡಿದಾಗ, ಇಲ್ಲಿನ ಮುಖ್ಯ ತಿರುವುಗಳು ಲೋಹದಲ್ಲಿ ಆದವಲ್ಲ, ಪೈಲಟ್‌ನ ಕೈ ಮತ್ತು ಸ್ವಿಚ್ಚಿನ ನಡುವೆ ಆದವು ಎಂಬುದು ತಿಳಿಯುತ್ತದೆ.

ಮೊದಲ ಘಟ್ಟ ಚಿರಪರಿಚಿತ. 1903ರ ರೈಟ್ ಸಹೋದರರ ವಿಮಾನಕ್ಕೆ ಗಾಲಿಯೇ ಇರಲಿಲ್ಲ. ಅದು ಹಳಿಯ ಮೇಲಿಂದ ಹೊರಟು ಮರದ ಜಾರುಪಟ್ಟಿಗಳ ಮೇಲೆ ಇಳಿಯಿತು. ಗೇರನ್ನು ಮಡಚಿ ಗಾಳಿಯ ಎಳೆತ ತಗ್ಗಿಸುವ ಉಪಾಯವನ್ನು 1920ರ ಡೇಟನ್-ರೈಟ್ ಆರ್‌ಬಿ-1 ರೇಸ್ ವಿಮಾನ ಬಳಸಿತು. 1930ರ ದಶಕದ ಸೋವಿಯೆತ್ ಯುದ್ಧವಿಮಾನ ಪೊಲಿಕಾರ್ಪೊವ್ ಐ-16ರಲ್ಲಿ ಗೇರ್ ಮಡಚಲು ಪೈಲಟ್ ಹಿಡಿಕೆಯನ್ನು 44 ಸುತ್ತು ತಿರುಗಿಸಬೇಕಿತ್ತು. 1947ರಲ್ಲಿ ಮಾರುಕಟ್ಟೆಗೆ ಬಂದ ಬೀಚ್‌ಕ್ರಾಫ್ಟ್ ಬೊನಾನ್ಜಾದಲ್ಲಿ ಅದೇ ಕೆಲಸ ಒಂದು ವಿದ್ಯುತ್ ಸ್ವಿಚ್ಚಿಗೆ ಇಳಿಯಿತು. 44 ಸುತ್ತನ್ನು ಯಾರೂ ಅರಿವಿಲ್ಲದೆ ತಿರುಗಿಸಲಾರರು, ಸ್ವಿಚ್ಚನ್ನು ಅರಿವಿಲ್ಲದೆಯೂ ಒತ್ತಬಹುದು. ತೊಂದರೆ ಹುಟ್ಟಿದ್ದು ಈ ಅನುಕೂಲದಲ್ಲೇ.

ಅದು ಮೊದಲು ದಾಖಲಾದದ್ದು ಯುದ್ಧಕಾಲದಲ್ಲಿ. ಅಮೆರಿಕದ ರೈಟ್ ಫೀಲ್ಡ್‌ನಲ್ಲಿ 1943ರ ಸುಮಾರಿಗೆ ಮನೋವಿಜ್ಞಾನಿ ಆಲ್ಫೋನ್ಸ್ ಚಪಾನಿಸ್ ಒಂದು ವಿಚಿತ್ರವನ್ನು ಗಮನಿಸಿದರು. ಬಿ-17, ಬಿ-25, ಪಿ-47 ವಿಮಾನಗಳ ಪೈಲಟ್‌ಗಳು ಇಳಿದ ಮೇಲೆ ಫ್ಲ್ಯಾಪ್ (ರೆಕ್ಕೆಯ ಹಿಂದಂಚಿನ ಚಲಿಸುವ ಫಲಕ) ಬದಲು ಗೇರ್ ಮಡಚುತ್ತಿದ್ದರು, ಸಿ-47ರಲ್ಲಿ ಹಾಗಾಗುತ್ತಿರಲಿಲ್ಲ. ಮೊದಲ ಮೂರರಲ್ಲಿ ಎರಡೂ ನಿಯಂತ್ರಕಗಳು ಒಂದೇ ರೂಪದವು, ಅಕ್ಕಪಕ್ಕದವು. ಗೇರ್ ಲಿವರಿನ ತುದಿಗೆ ಪುಟ್ಟ ರಬ್ಬರ್ ಗಾಲಿ, ಫ್ಲ್ಯಾಪಿನದಕ್ಕೆ ರೆಕ್ಕೆಯಂಚಿನ ಆಕಾರದ ತುಂಡು ಜೋಡಿಸಿದ್ದೇ ಅವರ ಪರಿಹಾರ. ಮುಟ್ಟಿದರೇ ಗೊತ್ತಾಗುವ ಈ ಆಕಾರಗಳು ಮುಂದೆ ಸಣ್ಣ ವಿಮಾನಗಳ ಪ್ರಮಾಣೀಕರಣ ನಿಯಮಕ್ಕೂ ಸೇರಿದವು. 1947ರಲ್ಲಿ ಪಾಲ್ ಫಿಟ್ಸ್ ಮತ್ತು ರಿಚರ್ಡ್ ಜೋನ್ಸ್ 460 'ಪೈಲಟ್ ತಪ್ಪು'ಗಳನ್ನು ಪರಿಶೀಲಿಸಿದಾಗ, ಸುಮಾರು ಅರ್ಧದಷ್ಟು ಒಂದು ನಿಯಂತ್ರಕವನ್ನು ಇನ್ನೊಂದೆಂದು ಭಾವಿಸಿ ಆದವು ಎಂದು ಕಂಡುಬಂತು.

ಇಷ್ಟೆಲ್ಲ ತಿಳಿದ ಮೇಲೂ ಖಾಸಗಿ ವಿಮಾನಗಳಲ್ಲಿ ಪಾಠ ಜಾರಿಯಾಗಲು ದಶಕಗಳೇ ಹಿಡಿದವು. ಹೆಚ್ಚಿನ ತಯಾರಕರು ಗೇರ್ ಸ್ವಿಚ್ಚನ್ನು ಎಡಕ್ಕೂ ಫ್ಲ್ಯಾಪ್ ಸ್ವಿಚ್ಚನ್ನು ಬಲಕ್ಕೂ ಇಟ್ಟರೆ, ಬೊನಾನ್ಜಾದಲ್ಲಿ ಅದು ತಿರುಗುಮುರುಗಾಗಿತ್ತು. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 1980ರಲ್ಲಿ ಹೊರತಂದ ವಿಶೇಷ ಅಧ್ಯಯನ 1975ರಿಂದ 1978ರವರೆಗಿನ ಅಪಘಾತಗಳನ್ನು ತೂಗಿ ನೋಡಿತು. ಗೇರ್ ಮಡಚುವ ಏಕ-ಎಂಜಿನ್ ವಿಮಾನಗಳಲ್ಲಿ ಬೊನಾನ್ಜಾದ ಪಾಲು ಸುಮಾರು ಶೇ 30. ಕೈತಪ್ಪಿ ಗೇರ್ ಮಡಚಿದ 24 ಅಪಘಾತಗಳಲ್ಲಿ ಅದರವು 16. ಅವಳಿ ಎಂಜಿನ್ ವಿಮಾನಗಳಲ್ಲಿ ಬೀಚ್‌ಕ್ರಾಫ್ಟ್‌ನದೇ ಆದ ಬ್ಯಾರನ್‌ನದು ಶೇ 16ರಷ್ಟು ಪಾಲು. 39 ಅಪಘಾತಗಳಲ್ಲಿ ಅದರವು 21. ಸ್ವಿಚ್ಚಿನ ಜಾಗ, ಆಕಾರದ ಕೊರತೆ, ತಡೆಯಿಲ್ಲದಿರುವುದು, ಸ್ವಿಚ್ಚುಗಳನ್ನು ಕಣ್ಣಿಗೆ ಮರೆಮಾಡುವ ಅಡ್ಡಪಟ್ಟಿ ಇವೇ ಕಾರಣ ಎಂದು ಮಂಡಳಿ ಹೇಳಿತು. ನೆಲದ ಮೇಲಿದ್ದಾಗ ಗೇರ್ ಮಡಚದಂತೆ ತಡೆಯುವ ಸ್ಕ್ವಾಟ್ ಸ್ವಿಚ್ ಇತ್ತಲ್ಲ ಎಂಬ ಪ್ರಶ್ನೆ ಸಹಜ. ಆ ಸ್ವಿಚ್ ಕೆಲಸ ಮಾಡುವುದು ಕಾಲಿನ ಶಾಕ್ ಅಬ್ಸಾರ್ಬರ್ ಭಾರಕ್ಕೆ ಕುಗ್ಗಿದಾಗ. ಇಳಿದ ಮೊದಲ ಕ್ಷಣಗಳಲ್ಲಿ ರೆಕ್ಕೆ ಇನ್ನೂ ಭಾರ ಹೊತ್ತಿರುವುದರಿಂದ ಕಾಲು ಕುಗ್ಗಿರುವುದಿಲ್ಲ. ಪೈಲಟ್ ಅವಸರದಲ್ಲಿ ಫ್ಲ್ಯಾಪ್ ಎತ್ತಲು ಕೈಚಾಚುವುದೂ ಅದೇ ಕ್ಷಣಗಳಲ್ಲಿ. 1984ರಲ್ಲಿ ಬೊನಾನ್ಜಾದ ಸ್ವಿಚ್ಚುಗಳು ಸ್ಥಾನ ಬದಲಿಸಿಕೊಂಡವು.

ಮರೆವಿಗೆ ಮದ್ದು ಹುಡುಕಿದ ಪ್ರಯತ್ನದ ದಾಖಲೆ ಇನ್ನಷ್ಟು ಗೋಜಲು. 1967ರಲ್ಲಿ ಬಂದ ಪೈಪರ್ ಆರೋ ವಿಮಾನದ ಪಕ್ಕದಲ್ಲಿ ಪ್ರೊಪೆಲ್ಲರಿನ ಗಾಳಿಗೆ ಒಡ್ಡಿದ ಕೊಳವೆಯೊಂದಿತ್ತು. ಅಲ್ಲಿನ ಒತ್ತಡ ತಗ್ಗಿದರೆ, ಎಂದರೆ ವೇಗವೂ ಎಂಜಿನ್ ಶಕ್ತಿಯೂ ಕಡಿಮೆಯಾದರೆ, ಗೇರ್ ತಾನಾಗಿ ಕೆಳಗಿಳಿಯುತ್ತಿತ್ತು. ಇದು ಎಷ್ಟೋ ವಿಮಾನಗಳನ್ನು ಹೊಟ್ಟೆಯ ಮೇಲೆ ಇಳಿಯದಂತೆ ಕಾದಿರಬಹುದು. ಆಗದ ಅಪಘಾತವನ್ನು ಯಾರೂ ಬರೆದಿಡುವುದಿಲ್ಲ. ಆದರೆ ಎಂಜಿನ್ ನಿಂತು ವಿಮಾನ ತೇಲಿಕೊಂಡು ದೂರ ಹೋಗಬೇಕಾದಾಗಲೂ ಗೇರ್ ಇಳಿದು ಎಳೆತ ಹೆಚ್ಚಿಸುತ್ತಿತ್ತು. ಅದನ್ನು ತಡೆಹಿಡಿಯುವ ಲಿವರ್ ಇದ್ದರೂ, ಆ ಗಾಬರಿಯಲ್ಲಿ ಅದು ನೆನಪಾಗಬೇಕಿತ್ತು. 1980ರ ದಶಕದ ಕೊನೆಗೆ ವ್ಯವಸ್ಥೆಯನ್ನು ನಿಷ್ಕ್ರಿಯಗೊಳಿಸುವಂತೆ ಪೈಪರ್ ಸೂಚಿಸಿತು, ಮುಂದೆ ಉಳಿಸಿಕೊಳ್ಳಲೂ ಅವಕಾಶ ಕೊಟ್ಟಿತು. ಹೀಗಾಗಿ ಒಂದೇ ಮಾದರಿಯ ಎರಡು ಆರೋಗಳಲ್ಲಿ ಒಂದರಲ್ಲಿ ಅದಿದ್ದು ಇನ್ನೊಂದರಲ್ಲಿ ಇಲ್ಲದಿರಬಹುದು. ಇದನ್ನು ಹೇಳದ ಅಪಘಾತ ವರದಿ ಅರ್ಧ ವರದಿಯೇ.

ಲೋಹವೂ ಸೋಲುತ್ತದೆ ಎಂಬ ಆಕ್ಷೇಪ ನ್ಯಾಯವಾದದ್ದು. ಮೊದಲ ಸೆಸ್ನಾ 210ಗಳಲ್ಲಿ ಮುಖ್ಯ ಗೇರಿನ ಕಾಲನ್ನು ಹಿಡಿದಿಡುವ ಸ್ಯಾಡಲ್ ಎಂಬ ಭಾಗ ದಣಿದು ಬಿರುಕು ಬಿಡುತ್ತಿತ್ತು. ಹೈಡ್ರಾಲಿಕ್ ಎಣ್ಣೆ ಸೋರುವುದು, ಮೋಟಾರು ಸುಡುವುದು ಇಂದಿಗೂ ಇದೆ. ಆದರೆ ಇವುಗಳಿಗೆ ಎರಡನೆಯ ದಾರಿಯನ್ನು ವಿನ್ಯಾಸಕಾರರು ಮೊದಲೇ ಇಟ್ಟಿದ್ದಾರೆ: ಬೊನಾನ್ಜಾದಲ್ಲಿ ಸುಮಾರು 50 ಸುತ್ತಿನ ಕೈಹಿಡಿಕೆ, ಆರೋದಲ್ಲಿ ಒತ್ತಡ ಬಿಟ್ಟು ಗೇರನ್ನು ತನ್ನ ಭಾರಕ್ಕೆ ಬೀಳಿಸುವ ಏರ್ಪಾಟು. ಮರೆತ ಪೈಲಟ್‌ಗೆ ಇವು ಯಾವುವೂ ಒದಗುವುದಿಲ್ಲ, ಏಕೆಂದರೆ ಬೇಕು ಎಂದೇ ಅವನಿಗೆ ಗೊತ್ತಿಲ್ಲ. ವೈಫಲ್ಯವೇ ಇಲ್ಲದಲ್ಲಿ ಅದು ಕಾಣುವುದೂ ಉಂಟು: ಆರೋದಲ್ಲಿ ಒಳದೀಪದ ಗುಂಡಿ ಹಗಲಲ್ಲೂ ಹಾಕಿದ್ದರೆ ಗೇರ್ ಇಳಿದಿದೆ ಎಂದು ತೋರಿಸುವ ಮೂರು ಹಸಿರು ದೀಪಗಳು ಮಂಕಾಗಿ, ಬಿಸಿಲಿಗೆ ಆರಿದಂತೆಯೇ ತೋರುತ್ತವೆ.

ಎಷ್ಟು ವೈಫಲ್ಯಗಳಾಗಿವೆ ಎಂಬುದಕ್ಕೆ ನಂಬಬಹುದಾದ ಸಂಖ್ಯೆ ಸಿಗದಿರಲು ವ್ಯಾಖ್ಯೆಯೇ ಕಾರಣ. ಅಮೆರಿಕದ ನಿಯಮದಲ್ಲಿ 'ಗಣನೀಯ ಹಾನಿ' ಎನ್ನುವಾಗ ಲ್ಯಾಂಡಿಂಗ್ ಗೇರ್, ಗಾಲಿ, ಟೈರ್ ಮತ್ತು ನೆಲಕ್ಕೆ ತಾಗಿ ಬಾಗಿದ ಪ್ರೊಪೆಲ್ಲರಿನ ಹಾನಿಯನ್ನು ಹೊರಗಿಡಲಾಗಿದೆ. ಹೊಟ್ಟೆಯ ಮೇಲಿನ ಇಳಿತದಲ್ಲಿ ಆಗುವುದು ಬಹುತೇಕ ಇಷ್ಟೇ. ಯಾರಿಗೂ ಗಾಯವಾಗದಿದ್ದರೆ ಅದು ಅಪಘಾತಗಳ ಪಟ್ಟಿಗೇ ಬರುವುದಿಲ್ಲ. ಭಾರತದಲ್ಲೂ ಆರಂಭಿಕ ಮಾಹಿತಿಯ ಗೊಂದಲಕ್ಕೆ ಉದಾಹರಣೆಯಿದೆ. 2023ರ ಜುಲೈ 11ರಂದು ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದಿಂದ ಹೊರಟ ಪ್ರೀಮಿಯರ್ 1ಎ ಎಂಬ ಸಣ್ಣ ಜೆಟ್ ವಾಪಸಾಗಿ, ಮೂತಿಯ ಗೇರ್ ಇಲ್ಲದೆ ಇಳಿಯಿತು. ಒಳಗಿದ್ದ ಇಬ್ಬರು ಪೈಲಟ್‌ಗಳು ಪಾರಾದರು. ಆ ಗೇರ್ ಮಡಚಲಾಗಲಿಲ್ಲ ಎಂದೂ ಮಡಚಿದ ಸ್ಥಿತಿಯಲ್ಲೇ ವಿಮಾನ ಇಳಿಯಿತೆಂದೂ ಅಂದಿನ ಸುದ್ದಿಗಳಲ್ಲಿ ಒಟ್ಟಿಗೆ ಬಂದವು.

ಕೊನೆಯ ದೊಡ್ಡ ತಿರುವು ಮಡಚುವುದನ್ನೇ ಕೈಬಿಟ್ಟದ್ದು. ವೇಗಕ್ಕೆ ಮಡಚುವ ಗೇರ್ ಬೇಕೇ ಬೇಕು ಎಂಬ ವಾದವನ್ನು 2000ದ ನಂತರ ಸಿರಸ್ ಎಸ್‌ಆರ್22 ಅಲುಗಾಡಿಸಿತು: 310 ಅಶ್ವಶಕ್ತಿ, ನಯವಾದ ಕಾಂಪೋಸಿಟ್ ಮೈ, ಸ್ಥಿರ ಗೇರ್. ಬೆಂಗಳೂರಿನ ಎನ್‌ಎಎಲ್ ರೂಪಿಸಿ 1993ರಲ್ಲಿ ಮೊದಲು ಹಾರಿಸಿದ ತರಬೇತಿ ವಿಮಾನ ಹಂಸದ ಗೇರ್ ಕೂಡ ಸ್ಥಿರವಾದದ್ದೇ. ಸ್ಥಿರ ಗೇರ್ ಮುರಿಯುವುದಿಲ್ಲವೆಂದಲ್ಲ. ಪುಟಿದ ವಿಮಾನ ಮೂತಿಗಾಲಿಯ ಮೇಲೆ ಬಿದ್ದರೆ ಅದು ಕುಸಿಯುತ್ತದೆ, ಎಂಜಿನ್ ಹಿಂದಿನ ಗೋಡೆಯೂ ಬಾಗುತ್ತದೆ. ಆದರೆ ಅದು ಇಳಿಸುವ ಕೌಶಲಕ್ಕೆ ಸಂಬಂಧಿಸಿದ ಬೇರೆಯೇ ಅಪಘಾತ. ಸ್ಥಿರವೋ ಮಡಚುವುದೋ, ಮುರಿದದ್ದೋ ಮರೆತದ್ದೋ ಎಂದು ವಿಂಗಡಿಸದ ಗೇರ್ ವೈಫಲ್ಯದ ಅಂಕಿಅಂಶವನ್ನು ಹೋಲಿಕೆಗೆ ಬಳಸುವಂತಿಲ್ಲ.