ಮಾನ್ಯಖೇಟದಲ್ಲಿ ಅತಿಥಿವಾಸ: ಪುಷ್ಪದಂತ ಕವಿಯ ಸಾಕ್ಷ್ಯ

೧

ನಮ್ಮ ನಾಡಿನ ಸಾಮಾಜಿಕ ಇತಿಹಾಸವನ್ನು ಬರೆಯಹೊರಟವರು ಅತಿಥಿಸತ್ಕಾರದ ವಿಷಯಕ್ಕೆ ಬಂದಾಗ ಸತ್ರ, ಮಠ, ಬಸದಿ, ಘಟಿಕಾಸ್ಥಾನಗಳನ್ನು ಹೆಸರಿಸಿ ಮುಂದೆ ಸಾಗುವುದು ವಾಡಿಕೆ. ಇದಕ್ಕೆ ಕಾರಣ ಸ್ಪಷ್ಟವಾಗಿದೆ. ಭೂಮಿಯನ್ನು ದತ್ತಿಬಿಟ್ಟವನು ಶಾಸನವನ್ನು ಹಾಕಿಸಿದನು. ಹೊತ್ತು ಮುಳುಗಿದ ಮೇಲೆ ಬಾಗಿಲಿಗೆ ಬಂದವನಿಗೆ ಉಣಿಸಿ ಮಲಗಲು ಎಡೆಗೊಟ್ಟವನು ಯಾವ ಕಲ್ಲನ್ನೂ ನೆಡಲಿಲ್ಲ. ಆದುದರಿಂದ ಸಂಸ್ಥೆಗಳ ಆತಿಥ್ಯಕ್ಕೆ ಆಧಾರಗಳು ಹೇರಳವಾಗಿವೆ. ಮನೆಗಳ ಆತಿಥ್ಯಕ್ಕೆ ಅತ್ಯಲ್ಪ. ಆದರೆ ದಾರಿ ನಡೆದು ಬಂದ ಜನರಲ್ಲಿ ಬಹುಮಂದಿ ರಾತ್ರಿಯನ್ನು ಕಳೆದದ್ದು ಯಾವನೋ ಗೃಹಸ್ಥನ ಮನೆಯಲ್ಲಿಯೇ ಎಂಬುದನ್ನು ಮರೆಯುವಂತಿಲ್ಲ.

ಇಂದಿನ ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ಶಹಾಬಾದ, ವಾಡಿ, ಚಿಂಚೋಳಿಗಳನ್ನೊಳಗೊಂಡ ಸೀಮೆಯು ಈ ವಿಷಯದಲ್ಲಿ ಅದೃಷ್ಟಶಾಲಿಯಾದುದು. ಆಡಕಿ, ಮುಧೋಳ, ಕೋಡ್ಲಾ ಮುಂತಾದ ಊರುಗಳಿರುವ ಸೇಡಂ ತಾಲೂಕಿನಲ್ಲಿಯೇ ಕಾಗಿಣಾ ನದಿಯ ದಡದ ಮಳಖೇಡವೂ ಇದೆ. ಅದೇ ರಾಷ್ಟ್ರಕೂಟರ ಮಾನ್ಯಖೇಟ. ಹತ್ತನೆಯ ಶತಮಾನದಲ್ಲಿ ಆ ನಗರದ ಒಂದು ಮನೆಯಲ್ಲಿ ಅತಿಥಿಯಾಗಿ ನಿಂತ ಕವಿಯೊಬ್ಬನು ತನ್ನ ಆ ವಾಸದ ಸಂಗತಿಯನ್ನು ತಾನೇ ಬರೆದಿಟ್ಟಿದ್ದಾನೆ. ಅಪಭ್ರಂಶ ಭಾಷೆಯ ಮಹಾಕವಿ ಪುಷ್ಪದಂತನ ಈ ಹೇಳಿಕೆಗಳನ್ನು ವಿದ್ವಾಂಸರು ಕಾಲನಿರ್ಣಯಕ್ಕಾಗಿ ಬಹಳವಾಗಿ ಬಳಸಿಕೊಂಡಿದ್ದಾರೆ. ಅವನ್ನು ಆತಿಥ್ಯದ ಇತಿಹಾಸಕ್ಕೆ ಆಧಾರವೆಂದು ಪರಿಶೀಲಿಸುವುದು ಈ ಲೇಖನದ ಉದ್ದೇಶ.

೨

ಮೊದಲು ಶಾಸ್ತ್ರವು ಏನನ್ನು ವಿಧಿಸಿತ್ತೆಂಬುದನ್ನು ನೋಡಬಹುದು. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನವನ್ನು ಬರೆದನು. ಶಹಾಬಾದದ ಸಮೀಪದ ಮರತೂರು ಅವನ ಊರೆಂಬುದು ಈ ಭಾಗದ ಪರಂಪರೆ. ನ್ಯಾಯಾಲಯಗಳು ದಾಯಭಾಗದ ಪ್ರಶ್ನೆಗಳಲ್ಲಿ ಇದನ್ನು ಪ್ರಮಾಣವೆಂದು ಅಂಗೀಕರಿಸಿದ್ದರಿಂದ ಅದರ ವ್ಯವಹಾರಾಧ್ಯಾಯವೇ ಹೆಚ್ಚು ಪ್ರಸಿದ್ಧವಾಯಿತು. ಆದರೆ ಆಚಾರಾಧ್ಯಾಯದಲ್ಲಿ ಗೃಹಸ್ಥಧರ್ಮದ ಭಾಗವಿದೆ. ಅಲ್ಲಿ ಸಾಯಂಕಾಲ ಬಂದ ಅತಿಥಿಯ ಮಾತು ಪ್ರತ್ಯೇಕವಾಗಿ ಬರುತ್ತದೆ. ಅವನನ್ನು ಹಿಂದಕ್ಕೆ ಕಳುಹಿಸಲಾಗದು. ಕೊಡಲು ಬೇರೇನೂ ಇಲ್ಲದಿದ್ದರೆ ಒಳ್ಳೆಯ ಮಾತು, ಕೂರಲು ನೆಲ, ಹಾಸಲು ಹುಲ್ಲು, ಕುಡಿಯಲು ನೀರು, ಇಷ್ಟನ್ನಾದರೂ ಕೊಡಬೇಕು ಎಂಬುದು ಯಾಜ್ಞವಲ್ಕ್ಯನ ವಿಧಿ. ದಾರಿಹೋಕನೇ ಅತಿಥಿಯೆಂದು ಅಲ್ಲಿ ಹೇಳಿದೆ. ತೃಪ್ತನಾದ ಶ್ರೋತ್ರಿಯ ಅತಿಥಿಯನ್ನು ಊರ ಗಡಿಯವರೆಗೆ ಹಿಂಬಾಲಿಸಿ ಬೀಳ್ಕೊಡಬೇಕೆಂದೂ ಇದೆ.

ಈ ವಿಧಿಗಳಲ್ಲಿ ಎರಡು ಅಂಶಗಳು ಗಮನಾರ್ಹ. ಒಂದನೆಯದು, ಅತ್ಯಂತ ಬಡವನ ಸಾಮರ್ಥ್ಯವನ್ನು ಲೆಕ್ಕಕ್ಕೆ ತೆಗೆದುಕೊಂಡೇ ಕನಿಷ್ಠವನ್ನು ನಿಗದಿಮಾಡಿದೆ. ಆ ಕನಿಷ್ಠದಲ್ಲಿಯೂ ಮಾತಿಗೆ ಮೊದಲ ಸ್ಥಾನ. ಎರಡನೆಯದು ಊಟದ ಕ್ರಮ. ಮಕ್ಕಳು, ಮನೆಯಲ್ಲಿರುವ ಮದುವೆಯಾದ ಹೆಣ್ಣುಮಕ್ಕಳು, ಮುದುಕರು, ಬಸುರಿಯರು, ರೋಗಿಗಳು, ಕನ್ನೆಯರು, ಅತಿಥಿಗಳು, ಆಳುಗಳು, ಇವರೆಲ್ಲ ಉಂಡ ಮೇಲೆ ಉಳಿದುದನ್ನು ದಂಪತಿಗಳು ಉಣ್ಣಬೇಕು. ಅತಿಥಿಗಾಗಿ ಬಸುರಿಯಾಗಲಿ ರೋಗಿಯಾಗಲಿ ಹಸಿದಿರಬೇಕೆಂದು ಸ್ಮೃತಿಯು ಹೇಳಲಿಲ್ಲ. ಆತಿಥ್ಯದ ಭಾರವನ್ನು ಅದು ಯಜಮಾನ ಮತ್ತು ಯಜಮಾನಿತಿಯರ ಮೇಲೆಯೇ ಹೊರಿಸಿತು.

ಮನುಸ್ಮೃತಿಯಂತೆ ಅತಿಥಿಯೆಂದರೆ ಒಂದು ರಾತ್ರಿ ಮಾತ್ರ ನಿಲ್ಲತಕ್ಕವನು. ಅವನ ಇರವು ಸ್ಥಿರವಲ್ಲವಾದ್ದರಿಂದಲೇ ಆ ಹೆಸರು. ಹಾಗಾದರೆ ಒಂದು ರಾತ್ರಿಗೆ ಬಂದು ವರ್ಷಗಟ್ಟಲೆ ಉಳಿದವನು ಯಾರು? ಅವನಿಗೆ ಶಾಸ್ತ್ರದಲ್ಲಿ ಹೆಸರಿಲ್ಲ. ಪುಷ್ಪದಂತನ ಸಾಕ್ಷ್ಯಕ್ಕೆ ಬೆಲೆ ಬರುವುದು ಇಲ್ಲಿಯೇ.

೩

ಸಂಸ್ಥೆಗಳ ಆತಿಥ್ಯವನ್ನು ಇಲ್ಲಿ ಸಂಕ್ಷೇಪವಾಗಿ ಹೇಳಿದರೆ ಸಾಕು. ಚಿತ್ತಾಪುರದ ಪಕ್ಕದ ನಾಗಾವಿಯ ೧೦೫೮ರ ಶಾಸನವು ಒಂದನೆಯ ಸೋಮೇಶ್ವರನ ಕಾಲದ್ದು. ದಂಡನಾಯಕ ಮಧುಸೂದನನು ನೆಲೆಗೊಳಿಸಿದ ಘಟಿಕಾಶಾಲೆಯಲ್ಲಿ ವೇದವನ್ನು ಓದುವ ೨೦೦ ಮಂದಿ, ಶಾಸ್ತ್ರವನ್ನು ಓದುವ ೫೦ ಮಂದಿ ವಿದ್ಯಾರ್ಥಿಗಳಿದ್ದರು. ಉಪಾಧ್ಯಾಯರಲ್ಲದೆ ೬ ಮಂದಿ ಸರಸ್ವತೀಭಂಡಾರಿಕರೂ ಇದ್ದರು. ಸೇಡಂನಲ್ಲಿ ೧೧೨೪ರಲ್ಲಿ ಅಲ್ಲಿಯ ಮುನ್ನೂರು ಮಹಾಜನರು ಶಾಂತಿನಾಥ ಬಸದಿಯನ್ನು ಕಟ್ಟಿಸಿದರು. ಇಂಥ ಬಸದಿಗಳಿಗೆ ಬಿಟ್ಟ ದತ್ತಿಗಳಲ್ಲಿ ಪೂಜೆ, ಜೀರ್ಣೋದ್ಧಾರಗಳ ಜೊತೆಗೆ ಋಷಿಯರ ಆಹಾರದಾನವೂ ಸೇರಿರುವುದು ಆ ಕಾಲದ ರೂಢಿ. ಮುಂದೆ ಕಲಬುರಗಿಯಲ್ಲಿ ಶರಣಬಸವೇಶ್ವರರು (೧೭೪೬–೧೮೨೨) ನಡೆಸಿದ ದಾಸೋಹವು ಇದೇ ಸೀಮೆಯ ಆತಿಥ್ಯದ ಇನ್ನೊಂದು ದೊಡ್ಡ ಅಧ್ಯಾಯ.

ಇವೆಲ್ಲವುಗಳಲ್ಲಿ ಒಂದು ಸಾಮಾನ್ಯ ಲಕ್ಷಣವಿದೆ. ಅನ್ನಕ್ಕೆ ಮೂಲವಾದುದು ಎಲ್ಲರಿಗೂ ಗೊತ್ತಿರುವ ದತ್ತಿ ಅಥವಾ ಭಕ್ತರ ಕಾಣಿಕೆ. ಉಂಡವನು ಯಾವ ಒಬ್ಬ ವ್ಯಕ್ತಿಯ ಹಂಗಿಗೂ ಒಳಗಾಗುವುದಿಲ್ಲ. ಮನೆಯ ಆತಿಥ್ಯದಲ್ಲಿ ಹಾಗಲ್ಲ. ಅಲ್ಲಿ ಕೊಡುವವನ ಮುಖವನ್ನು ದಿನವೂ ನೋಡಬೇಕು. ಅನ್ನವು ರುಚಿಯಾಗಿದ್ದರೂ ಹುಬ್ಬು ಗಂಟಿಕ್ಕಿದರೆ ಅದು ಗಂಟಲಲ್ಲಿ ಇಳಿಯದು.

೪

ಪುಷ್ಪದಂತನು ಕಾಶ್ಯಪಗೋತ್ರದ ಬ್ರಾಹ್ಮಣ. ತಂದೆ ಕೇಶವಭಟ್ಟ, ತಾಯಿ ಮುಗ್ಧಾದೇವಿ. ಶೈವರಾಗಿದ್ದ ಈ ಮನೆತನವು ಜೈನಧರ್ಮವನ್ನು ಅಂಗೀಕರಿಸಿತು. ಕವಿಯು ತನ್ನನ್ನು ‘ಅಭಿಮಾನಮೇರು’ ಎಂದು ಕರೆದುಕೊಂಡಿದ್ದಾನೆ. ಮೈ ಕೃಶ, ಬಣ್ಣ ಕಪ್ಪು, ರೂಪವಿಲ್ಲ, ಮನೆಯಿಲ್ಲ, ಹೆಂಡತಿ ಮಕ್ಕಳಿಲ್ಲ ಎಂಬ ವಿವರಗಳೂ ಅವನವೇ. ಮೊದಲು ಒಬ್ಬ ಅರಸನ ಆಶ್ರಯದಲ್ಲಿದ್ದು ಅವನನ್ನು ಹೊಗಳಿ ಬರೆದು, ಅಲ್ಲಿ ಅಪಮಾನಿತನಾಗಿ ಹೊರಬಿದ್ದು, ಊರೂರು ಅಲೆಯುತ್ತ ಬಂದನು.

‘ಮಹಾಪುರಾಣ’ದ ಪ್ರಾರಂಭದಲ್ಲಿ ಅವನು ಹೇಳುವ ಸಂಗತಿ ಹೀಗಿದೆ. ದಣಿದ ಕವಿಯು ಊರ ಹೊರಗಿನ ತೋಪಿನಲ್ಲಿ ವಿಶ್ರಮಿಸಿಕೊಂಡಿದ್ದನು. ಅಮ್ಮಇಯ ಮತ್ತು ಇಂದ್ರರಾಯ ಎಂಬ ಇಬ್ಬರು ಅಲ್ಲಿಗೆ ಬಂದು, ನಿರ್ಜನವಾದ ಈ ವನದಲ್ಲಿ ಏಕಿರುವೆ, ನಗರದೊಳಕ್ಕೆ ಬರಬಾರದೇ ಎಂದು ಕೇಳಿದರು. ದುರ್ಜನರ ಗಂಟಿಕ್ಕಿದ ಹುಬ್ಬನ್ನು ನೋಡುವುದಕ್ಕಿಂತ ಗಿರಿಯ ಗವಿಯಲ್ಲಿ ಹುಲ್ಲು ತಿಂದು ಬದುಕುವುದು ಲೇಸೆಂದು ಅವನು ಉತ್ತರಿಸಿದನು. ಆಗ ಅವರು ಮಂತ್ರಿ ಭರತನ ಗುಣಗಳನ್ನು ಹೇಳಿ ಅವನನ್ನು ಒಪ್ಪಿಸಿದರು. ಭರತನು ಎದುರುಗೊಂಡು, ಪ್ರಿಯವಾದ ಮಾತನಾಡಿ, ಮನೆಯಲ್ಲಿ ಇರಿಸಿಕೊಂಡನು. ಒಳ್ಳೆಯ ಸ್ನಾನ, ವಿಲೇಪನ, ಭೂಷಣ, ಉತ್ತಮ ವಸ್ತ್ರ, ರಸವತ್ತಾದ ಭೋಜನ ಇವು ಸಂದವು. ಹೀಗೆ ಕೆಲವು ದಿನ ಕಳೆದ ಮೇಲೆಯೇ ಭರತನು ತನ್ನ ಮನಸ್ಸಿನ ಮಾತನ್ನು ಆಡಿದನು: ಹಿಂದೆ ಆ ಅರಸನನ್ನು ಹೊಗಳಿದ್ದಕ್ಕೆ ಪ್ರಾಯಶ್ಚಿತ್ತವಾಗಿ ಆದಿದೇವನ ಚರಿತವನ್ನು ಬರೆಯಬೇಕು.

ಇಲ್ಲಿ ಒಂದು ಸ್ಥಳವಿಚಾರವನ್ನು ಹೇಳಬೇಕು. ಕವಿಯು ಬಂದು ತಲುಪಿದ ಊರನ್ನು ‘ಮೇಪಾಡಿ’ ಎಂದು ಕರೆದಿದ್ದಾನೆ. ಅಲ್ಲಿ ಚೋಳನನ್ನು ಗೆದ್ದ ‘ತುಡಿಗ’ ಅಂದರೆ ಮೂರನೆಯ ಕೃಷ್ಣನು ಇದ್ದನೆಂದಿದ್ದಾನೆ. ಕೃಷ್ಣನ ೯೫೯ರ ಕರ್ಹಾಡ ತಾಮ್ರಶಾಸನವು ಮೇಲ್ಪಾಡಿಯ ಬೀಡಿನಿಂದಲೇ ಹೊರಟುದಾಗಿದೆ. ಆದುದರಿಂದ ಮೊದಲ ಭೇಟಿಯು ದಕ್ಷಿಣದ ಆ ದಂಡಿನ ಬೀಡಿನಲ್ಲಿ ನಡೆದಿರಬಹುದು. ಅದು ಹೇಗಿದ್ದರೂ ಕವಿಯ ದೀರ್ಘವಾಸವು ಮಾನ್ಯಖೇಟದಲ್ಲಿ ಭರತನ, ಅನಂತರ ಅವನ ಮಗ ನನ್ನನ ಮನೆಯಲ್ಲಿ ಎಂಬುದರಲ್ಲಿ ಸಂದೇಹವಿಲ್ಲ. ಮಹಾಪುರಾಣವು ೯೫೯ರಲ್ಲಿ ಮೊದಲಾಗಿ ೯೬೫ರಲ್ಲಿ, ೧೦೨ ಸಂಧಿಗಳಲ್ಲಿ, ಮುಗಿಯಿತು.

ನಡುವೆ ಒಂದು ತಡೆಯುಂಟಾಯಿತು. ಆದಿಪುರಾಣದ ೩೭ ಸಂಧಿಗಳು ಮುಗಿದ ಮೇಲೆ ಕವಿಯ ಮನಸ್ಸು ಕುಗ್ಗಿ ಬರವಣಿಗೆ ನಿಂತಿತು. ಸರಸ್ವತಿಯು ಕನಸಿನಲ್ಲಿ ಕಾಣಿಸಿಕೊಂಡಳಂತೆ. ಎಚ್ಚೆತ್ತು ನೋಡಿದರೆ ಯಾರೂ ಇಲ್ಲ. ಆಗ ಭರತನು ಬಂದು, ಏಕೆ ಬೇಸರಗೊಂಡಿರುವೆ, ನನ್ನಿಂದ ಅಪರಾಧವೇನಾದರೂ ನಡೆಯಿತೇ ಎಂದು ವಿಚಾರಿಸಿದನು. ಕವಿಯು ಕೊಟ್ಟ ಉತ್ತರದ ತಾತ್ಪರ್ಯವಿಷ್ಟು: ಹಣ ತನಗೆ ಹುಲ್ಲಿಗೆ ಸಮಾನ, ತಾನು ಬಯಸುವುದು ಕೃತಕವಲ್ಲದ ಸ್ನೇಹವನ್ನು, ಅದಕ್ಕಾಗಿಯೇ ಈ ಮನೆಯಲ್ಲಿ ಇದ್ದೇನೆ.

೫

ಈ ಸಾಕ್ಷ್ಯದಿಂದ ಆತಿಥ್ಯದ ಮೂರು ಘಟ್ಟಗಳು ಗೋಚರಿಸುತ್ತವೆ. ಮೊದಲನೆಯದು ದೇಹದ ಉಪಚಾರ. ಸ್ನಾನವು ಭೋಜನಕ್ಕಿಂತ ಮೊದಲು ಹೇಳಲ್ಪಟ್ಟಿದೆ. ದಾರಿಯ ಧೂಳಿನಲ್ಲಿ ಬಂದವನಿಗೆ ಅದೇ ಮೊದಲ ಸುಖ. ಎರಡನೆಯದು ಅವಕಾಶ. ಭರತನಿಗೆ ಕವಿಯಿಂದ ಆಗಬೇಕಾದ ಕೆಲಸವಿತ್ತು. ಆದರೂ ಕೆಲವು ದಿನ ಅದನ್ನು ಬಾಯಿಬಿಡಲಿಲ್ಲ. ಅತಿಥಿಯ ದಣಿವು ಆರುವ ಮೊದಲೇ ಕೋರಿಕೆಯನ್ನು ಮುಂದಿಟ್ಟಿದ್ದರೆ ಉಪಚಾರವು ಮುಂಗಡ ಕೂಲಿಯಾಗುತ್ತಿತ್ತು. ಮೂರನೆಯದು ವಿಚಾರಣೆ. ಅತಿಥಿಯು ಮಂಕಾದಾಗ ಯಜಮಾನನು ದೋಷವನ್ನು ತನ್ನಲ್ಲಿ ಹುಡುಕಿದನು. ವರ್ಷಗಟ್ಟಲೆ ಅನ್ನವಿಕ್ಕಿದ ಮಂತ್ರಿಯು, ಕೆಲಸ ನಿಲ್ಲಿಸಿದ ಆಶ್ರಿತನನ್ನು ಹೀಗೆ ಕೇಳುವುದು ಸಾಮಾನ್ಯವಲ್ಲ.

ಇದು ಆತಿಥ್ಯವಲ್ಲ, ಕೇವಲ ಕವಿಪೋಷಣೆ ಎಂಬ ಆಕ್ಷೇಪಣೆಗೆ ಅವಕಾಶವುಂಟು. ಮಹಾಪುರಾಣದ ಸಂಧಿಗಳ ಕೊನೆಯಲ್ಲಿ ಭರತನ ಹೆಸರು ಬರುತ್ತದೆ. ಅವನ ಕೀರ್ತಿ ಇಂದಿಗೂ ಉಳಿದುದು ಆ ಗ್ರಂಥದಿಂದಲೇ. ಪೊನ್ನನಿಗೆ ‘ಉಭಯಕವಿಚಕ್ರವರ್ತಿ’ ಎಂಬ ಬಿರುದನ್ನಿತ್ತ ಕೃಷ್ಣನ ಕಾಲದಲ್ಲಿ ಮಂತ್ರಿಯೊಬ್ಬನು ಕವಿಯನ್ನು ಸಾಕಿದುದರಲ್ಲಿ ಆಶ್ಚರ್ಯವೇನೂ ಇಲ್ಲ. ಈ ಆಕ್ಷೇಪಣೆಯಲ್ಲಿ ಸತ್ಯಾಂಶವಿದೆಯಾದರೂ ಅದು ಪೂರ್ಣಸತ್ಯವಲ್ಲ. ಪೋಷಣೆಯಲ್ಲಿ ಕೊಡುಗೆಗೆ ಬೆಲೆ ಕಟ್ಟಬಹುದು. ಪುಷ್ಪದಂತನು ಬೆಲೆ ಕಟ್ಟಬಹುದಾದ ಹಣವನ್ನು ಬದಿಗೊತ್ತಿ, ಬೆಲೆ ಕಟ್ಟಲಾಗದ ಸ್ನೇಹವನ್ನು ತನ್ನ ವಾಸಕ್ಕೆ ಷರತ್ತಾಗಿ ಇಟ್ಟನು. ಅಭಿಮಾನವೇ ಆಸ್ತಿಯಾದವನು ಪರರ ಮನೆಯಲ್ಲಿ ಬಾಳಿದುದು ಈ ಒಂದು ಷರತ್ತಿನ ಬಲದಿಂದ.

ಮನೆಯೊಡತಿಯ ವಿಷಯವಾಗಿ ಒಂದೇ ಒಂದು ಹೆಸರು ದೊರೆಯುತ್ತದೆ. ‘ಣಾಯಕುಮಾರಚರಿಉ’ ಕಾವ್ಯದಲ್ಲಿ ನನ್ನನನ್ನು ಕುಂದವ್ವೆಯ ಬಸಿರಲ್ಲಿ ಹುಟ್ಟಿದವನೆಂದು ಹೇಳಿದೆ. ‘ಅವ್ವ’ ಎಂಬ ಕನ್ನಡದ ಪದವು ಅಪಭ್ರಂಶದ ಕಾವ್ಯದಲ್ಲಿ ಹಾಗೆಯೇ ಉಳಿದು, ಆ ಮನೆಯ ಒಳಮಾತು ಯಾವುದಾಗಿತ್ತೆಂಬುದನ್ನು ಸೂಚಿಸುತ್ತದೆ. ರಸವತ್ತಾದ ಆ ಭೋಜನವು ಕುಂದವ್ವೆಯ ಅಡಿಗೆಮನೆಯಿಂದಲೇ ಬಂದಿರಬೇಕು. ಆದರೆ ಉಂಡವನು ಅವಳನ್ನು ನೆನೆದದ್ದು ಮಗನ ತಾಯಿಯೆಂದು ಮಾತ್ರ. ಕೃತಜ್ಞನಾದ ಅತಿಥಿಯ ಲೇಖನಿಯೂ ತಲುಪದ ಒಂದು ಕೋಣೆ ಆ ಮನೆಯಲ್ಲಿತ್ತು. ಉಳಿದುದನ್ನು ಉಣ್ಣಬೇಕಾದ ದಂಪತಿಗಳಲ್ಲಿ ಒಬ್ಬರ ಹೆಸರು ಗ್ರಂಥದುದ್ದಕ್ಕೂ ಬೆಳಗಿತು. ಇನ್ನೊಬ್ಬರದು ಮರೆಯಲ್ಲಿಯೇ ನಿಂತಿತು.

೬

೯೭೨ರಲ್ಲಿ ಮಾಳವದ ಪರಮಾರ ಸೀಯಕನು ಮಾನ್ಯಖೇಟವನ್ನು ಕೊಳ್ಳೆಹೊಡೆದನು. ಧಾರಾನಗರದ ಧನಪಾಲನು ತನ್ನ ತಂಗಿ ಸುಂದರಿಗಾಗಿ ರಚಿಸಿದ ಪ್ರಾಕೃತ ನಿಘಂಟಿನಲ್ಲಿ, ಆ ಕೃತಿಯ ಕಾಲವನ್ನು ಹೇಳುವಾಗ ಈ ಸೂರೆಯನ್ನು ನೆನೆದಿದ್ದಾನೆ. ಗೆದ್ದವರಿಗೆ ಅದು ಕಾಲಸೂಚಕವಾಯಿತು. ಸೋತ ನಗರದ ಅತಿಥಿಗೆ ಅದೇ ಘಟನೆ ಬೇರೆಯಾಗಿ ಕಂಡಿತು. ಮಹಾಪುರಾಣದ ಕೆಲವು ಹಸ್ತಪ್ರತಿಗಳಲ್ಲಿ ಸಂಧಿಯೊಂದರ ಮೊದಲಿಗೆ ಒಂದು ಸಂಸ್ಕೃತ ಪದ್ಯವಿದೆ. ದೀನರಿಗೂ ಅನಾಥರಿಗೂ ಧನದಂತಿದ್ದ ನಗರವು ಧಾರೆಯ ಅರಸನ ಕೋಪಾಗ್ನಿಯಲ್ಲಿ ಬೆಂದುಹೋಯಿತು. ಇನ್ನು ಪುಷ್ಪದಂತ ಕವಿಯು ಎಲ್ಲಿ ವಾಸಮಾಡಿಯಾನು ಎಂಬ ಕೊರಗು ಅದರಲ್ಲಿದೆ. ಗ್ರಂಥವು ೯೬೫ರಲ್ಲಿಯೇ ಮುಗಿದಿದ್ದುದರಿಂದ ಈ ಪದ್ಯವು ಆಮೇಲೆ ಸೇರಿದುದೆಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ಒಂದು ಸಾಮ್ರಾಜ್ಯದ ಪತನವು ಇಲ್ಲಿ ವಸತಿಯ ಪ್ರಶ್ನೆಯಾಗಿ ಉಳಿದುಬಂದಿದೆ.

‘ಜಸಹರಚರಿಉ’ ಕಾವ್ಯದ ಕೊನೆಯಲ್ಲಿ ಘೋರ ದುರ್ಭಿಕ್ಷದ ವರ್ಣನೆಯಿದೆ. ಜನಪದವು ಬರಡಾಗಿ, ತಲೆಬುರುಡೆ, ಅಸ್ಥಿಪಂಜರಗಳು ಬಿದ್ದಿದ್ದ ಆ ಕಾಲದಲ್ಲಿ ನನ್ನನು ತನಗೆ ದೊಡ್ಡ ಮನೆ, ಸರಸವಾದ ಆಹಾರ, ನಯವಾದ ಬಟ್ಟೆ, ಒಳ್ಳೆಯ ತಾಂಬೂಲಗಳನ್ನು ಕೊಟ್ಟು ಉಪಕರಿಸಿದನೆಂದು ಕವಿಯು ನೆನೆದಿದ್ದಾನೆ. ಈ ಬರವನ್ನು ೯೭೨ರ ಸೂರೆಯ ಪರಿಣಾಮವೆಂದು ಊಹಿಸುವುದುಂಟು. ಅದು ನಿಜವಾದರೆ, ೯೫೯ರಲ್ಲಿ ತಂದೆಯು ಬರಮಾಡಿಕೊಂಡ ಅತಿಥಿಯನ್ನು ಹದಿಮೂರು ವರ್ಷಗಳ ಅನಂತರ, ತನ್ನ ಮನೆತನದ ವೈಭವವೇ ಅಲುಗಿದ ಹೊತ್ತಿನಲ್ಲಿ, ಮಗನು ಕೈಬಿಡಲಿಲ್ಲವೆಂದಾಗುತ್ತದೆ. ಹಾಗೆಯೇ, ಬಾಗಿಲ ಹೊರಗೆ ಹಸಿದು ಬಿದ್ದವರು ಅನೇಕರಿರುವಾಗ ಒಳಗೆ ತಾಂಬೂಲ ಸಂದಿತೆಂಬುದೂ ಈ ಸಾಕ್ಷ್ಯದ ಒಂದು ಭಾಗವೇ. ಮನೆಯ ಆತಿಥ್ಯವು ಒಬ್ಬನನ್ನು ಪೂರ್ಣವಾಗಿ ಕಾಯಬಲ್ಲುದು, ಊರನ್ನು ಕಾಯಲಾರದು. ಸತ್ರವೂ ದಾಸೋಹವೂ ಹುಟ್ಟಿಕೊಂಡದ್ದು ಆ ಕೊರತೆಯನ್ನು ತುಂಬುವುದಕ್ಕೆ. ಎರಡನ್ನೂ ಒಂದೇ ಹೆಸರಿನಿಂದ ಕರೆದು ಸುಮ್ಮನಾಗುವುದು ಸರಿಯಲ್ಲ.

ಮಾನ್ಯಖೇಟದ ಆ ಮನೆ ಉಳಿದಿಲ್ಲ. ೧೮೭೪ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲುದಾರಿ ತೆರೆದ ಮೇಲೆ ಈ ಸೀಮೆಯಲ್ಲಿ ದಾರಿಹೋಕನ ರೀತಿಯೇ ಬದಲಾಗತೊಡಗಿತು. ಆದರೂ ಶಹಾಬಾದದ ಹಾಸುಗಲ್ಲಿನ ಹಳೆಯ ಮನೆಗಳಲ್ಲಿ ಹೊರಗಿನ ಕಟ್ಟೆ, ಬಂದವರನ್ನು ಕೂರಿಸುವ ಪಡಸಾಲೆ, ಪೆಟ್ಟಿಗೆಯಲ್ಲಿ ಮಡಿಸಿಟ್ಟ ಕೌದಿ, ಹೊತ್ತಲ್ಲದ ಹೊತ್ತಿನಲ್ಲಿ ಬಂದವರಿಗೆ ರೊಟ್ಟಿ ಬಡಿದ ಮುದುಕಿಯರ ನೆನಪು ಇವು ಇನ್ನೂ ದೊರೆಯುತ್ತವೆ. ಸಿಮೆಂಟಿನ ಹೊಸ ಮನೆಗಳು ಏಳುತ್ತಿರುವ ಈ ಕಾಲದಲ್ಲಿ, ನಮ್ಮ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಇಂಥ ಮನೆಗಳ ನಕ್ಷೆಯನ್ನೂ ಅಲ್ಲಿಯ ಹಿರಿಯ ಹೆಣ್ಣುಮಕ್ಕಳ ಹೇಳಿಕೆಗಳನ್ನೂ ಸಂಗ್ರಹಿಸಿಟ್ಟರೆ ದೊಡ್ಡ ಉಪಕಾರವಾದೀತು. ಪುಷ್ಪದಂತನು ಬರೆಯದೆ ಬಿಟ್ಟ ಕುಂದವ್ವೆಯ ಪಾಲಿನ ಇತಿಹಾಸವನ್ನು ಬರೆಯಲು ಬೇರೆ ಆಧಾರಗಳಿಲ್ಲ.